ಎಂಟು ತಿಂಗಳು ಬರೆದಿದೀನಿ, ಬೆಂಚ್ ಪ್ರೆಸ್ ಮಾತ್ರ ಹಿಂದಕ್ಕೆ ಹೋಗಿದೆ. ವ್ಯಾಯಾಮದ ಲೆಕ್ಕ ಇಡೋರು ಸ್ವಲ್ಪ ನೋಡಿ ಹೇಳಿ

ಹನುಮಂತನಗರ_ಲೆಕ್ಕಿಗ
ಭಾನುವಾರ, ಬೆಳಗ್ಗೆ 7:40

ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದ್ತಿದೀನಿ, ಬರೆಯೋದು ಇದೇ ಮೊದಲು. ವಯಸ್ಸು 36. ಚಿಕ್ಕಪೇಟೆ ಕಡೆ ಒಂದು ಆಡಿಟರ್ ಆಫೀಸಲ್ಲಿ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಕುರ್ಚಿ ಬಿಟ್ಟು ಏಳಲ್ಲ.

ಜಿಮ್ ಸೇರ್ತೀನಿ ಅಂದಾಗ ಅಮ್ಮ ಸುತರಾಂ ಒಪ್ಪಲಿಲ್ಲ. ಅಪ್ಪು ಹೋದ 2021ರ ಅಕ್ಟೋಬರ್ 29 ನಮ್ಮನೇಲಿ ಇನ್ನೂ ಮುಗಿದಿಲ್ಲ. ಜಿಮ್ ಅನ್ನೋ ಪದ ಕಿವಿಗೆ ಬಿದ್ರೆ ಸೆರಗಲ್ಲಿ ಕಣ್ಣು ಒರೆಸಿಕೊಳ್ತಾರೆ. ಕೊನೆಗೆ ಎರಡು ಷರತ್ತಿನ ಮೇಲೆ ಬಿಟ್ಟರು. ಮೊದಲು ಇಸಿಜಿ, ಎಕೋ, ಟ್ರೆಡ್‌ಮಿಲ್ ಟೆಸ್ಟು ಎಲ್ಲ ಮಾಡಿಸ್ಕೊಂಡು ಬರಬೇಕು. ಆಮೇಲೆ ದಿನಾ ಏನೇನು ಮಾಡ್ದೆ ಅಂತ ಬರೆದಿಡಬೇಕು, ಅದನ್ನ ಅವರು ನೋಡಬೇಕು.

ಯುಗಾದಿ ಆದ ಮೇಲಿನ ಸೋಮವಾರ ಶುರು ಮಾಡಿದೆ. ಅವೆನ್ಯೂ ರಸ್ತೆಯಿಂದ 200 ಪುಟದ ಉದ್ದ ಪುಸ್ತಕ ತಂದೆ. ಅಮ್ಮ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮೊದಲ ಪುಟದಲ್ಲಿ 'ಶ್ರೀ' ಬರೆದು ಕೊಟ್ಟರು, ಅಂಗಡಿ ಖಾತೆ ಪುಸ್ತಕಕ್ಕೆ ಮಾಡೋ ಹಾಗೆ. ಅಲ್ಲಿಂದ ಇವತ್ತಿನ ತನಕ ಒಂದು ದಿನ ಖಾಲಿ ಬಿಟ್ಟಿಲ್ಲ. ಹೋಗದ ದಿನ 'ರಜಾ' ಅಂತಾದರೂ ಬರೆದಿದೀನಿ. ತೂಕ, ಬಿಪಿ, ಯಾವ ಎಕ್ಸರ್‌ಸೈಜು, ಎಷ್ಟು ಕೆಜಿ, ಎಷ್ಟು ಸೆಟ್ಟು, ಸೆಟ್ಟಿಗೆ ಎಷ್ಟು ರೆಪ್ಸು, ಅಂದ್ರೆ ನಡುವೆ ನಿಲ್ಲಿಸದೆ ಎಷ್ಟು ಸಲ ಎತ್ತಿದೆ ಅನ್ನೋದು. ಈಗ ಎರಡನೇ ಪುಸ್ತಕ ನಡೀತಿದೆ.

ಇಷ್ಟೆಲ್ಲ ಬರೆದು ಬಂದದ್ದೇನು ಅನ್ನೋದೇ ಪ್ರಶ್ನೆ. ಬೆಂಚ್ ಪ್ರೆಸ್, ಅಂದ್ರೆ ಬೆಂಚ್ ಮೇಲೆ ಮಲಗಿ ರಾಡ್ ಮೇಲಕ್ಕೆತ್ತೋದು, ಅದರ ಲೆಕ್ಕ ನೋಡಿ:

ಏಪ್ರಿಲ್ ಮೊದಲ ವಾರ: 30 ಕೆಜಿ, 8 ರೆಪ್ಸ್
ಜೂನ್ ಕೊನೆ: 47.5 ಕೆಜಿ, 6
ಆಗಸ್ಟ್ ಮಧ್ಯ: 60 ಕೆಜಿ, 5
ಸೆಪ್ಟೆಂಬರ್: 50 ಕೆಜಿ, 4 (!)
ಈಗ, ನವೆಂಬರ್: 55 ಕೆಜಿ, 5

ನಡುವೆ ಗಣೇಶ ಹಬ್ಬಕ್ಕೆ ತುರುವೇಕೆರೆಗೆ ಹೋಗಿ ಹತ್ತು ದಿನ ಇದ್ದೆ. ಕಡುಬು ತಿಂದೆ, ಮಲಗಿದೆ, ಅಷ್ಟೇ. ಹತ್ತು ದಿನಕ್ಕೆ ಇಷ್ಟು ಇಳಿಯುತ್ತಾ? ಟ್ರೈನರ್ ಹುಡುಗ 'ಪ್ರೋಟೀನ್ ಡಬ್ಬ ತಗೊಳ್ಳಿ ಸಾರ್, ಮೂರು ಸಾವಿರ ಚಿಲ್ಲರೆ' ಅಂತಾನೆ. ಪುಸ್ತಕ ನೋಡಿದಾಗಲೆಲ್ಲ ನಷ್ಟದ ಬ್ಯಾಲೆನ್ಸ್ ಶೀಟ್ ನೋಡ್ದಂಗಾಗುತ್ತೆ. ಬರೆಯೋದೇ ಬಿಟ್ಟುಬಿಡೋಣ ಅನ್ನಿಸ್ತಿದೆ.

ಸಿಲ್ಕ್‌ಬೋರ್ಡ್_ಸನ್ಯಾಸಿ
ಭಾನುವಾರ, ಬೆಳಗ್ಗೆ 8:05

ಗುರು, ಈ ಕಾಲದಲ್ಲಿ ಪುಸ್ತಕನಾ? ಆಪ್ ಹಾಕ್ಕೋ. ಅದೇ ಕೂಡುತ್ತೆ, ಅದೇ ಗ್ರಾಫ್ ಹಾಕುತ್ತೆ, ಅದೇ 'ಇವತ್ತು 2.5 ಜಾಸ್ತಿ ಎತ್ತು' ಅಂತ ಹೇಳುತ್ತೆ. ಬೆವರು ಕೈಲಿ ಪೆನ್ನು ಹಿಡ್ಕೊಂಡು ಬರೀತಾ ಕೂತ್ರೆ ಹಿಂದೆ ಬೆಂಚಿಗೆ ಕಾಯ್ತಿರೋರು ಶಾಪ ಹಾಕ್ತಾರೆ.

ರಾಗಿರೊಟ್ಟಿ_ರಾಡು
ಭಾನುವಾರ, ಬೆಳಗ್ಗೆ 8:31

ಸನ್ಯಾಸಿಗಳೇ, ನಾನೂ ಎರಡು ವರ್ಷ ಆಪ್‌ನಲ್ಲೇ ಬರೆದಿದ್ದೆ. ಒಂದು ದಿನ ಹಳೇ ದಾಖಲೆ ನೋಡಬೇಕಾದ್ರೆ ದುಡ್ಡು ಕಟ್ಟಿ ಅಂತು. ಕಟ್ಟಲಿಲ್ಲ. ಫೋನ್ ಬದಲಾಯಿಸಿದೆ, ಎಲ್ಲ ಹೋಯ್ತು. ಮಗು ಹುಟ್ಟಿದ ಮೇಲೆ ಮೊದಲ ಸಲ ಖಾಲಿ ರಾಡ್ ಎತ್ತಿದ ದಿನ ಯಾವುದು ಅಂತ ಈಗ ನನಗೇ ಗೊತ್ತಿಲ್ಲ. ಅದೊಂದಕ್ಕೆ ಬೇಜಾರಿದೆ.

ಇನ್ನೊಂದು ವಿಷಯ. ಸೆಟ್ಟು ಬರೆಯೋಕೆ ಅಂತ ಫೋನ್ ತೆಗೆದ್ರೆ ವಾಟ್ಸಾಪ್ ಕಾಣುತ್ತೆ, ವಾಟ್ಸಾಪ್ ಕಂಡ್ರೆ ಸ್ಕೂಲ್ ಗ್ರೂಪ್ ಕಾಣುತ್ತೆ. ಎರಡು ನಿಮಿಷದ ವಿಶ್ರಾಂತಿ ಏಳು ನಿಮಿಷ ಆಗಿರುತ್ತೆ. ಈಗ ಹಾಲಿನ ಲೆಕ್ಕಕ್ಕೆ ಇಡ್ತಾರಲ್ಲ, ಆ ಅಳತೆಯ ಪುಟ್ಟ ಪುಸ್ತಕ. ಇಪ್ಪತ್ತು ರೂಪಾಯಿ.

ಲೆಕ್ಕಿಗರೇ, ನೀವು ಹಾಕಿರೋದು ಸಾರಾಂಶ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲು, ಆ ಪುಟಗಳಲ್ಲಿ ಏನಿದೆಯೋ ಹಾಗೇ ಇಲ್ಲಿ ಇಳಿಸಿ. ಅಂಚಿನಲ್ಲಿ ಗೀಚಿದ್ದೂ ಸೇರಿ.

ಮೊಣಕಾಲು_ಮಿತ್ರ
ಭಾನುವಾರ, ಬೆಳಗ್ಗೆ 9:12

ನಾನು ಫಿಸಿಯೋಥೆರಪಿಸ್ಟ್. ರಾಜಾಜಿನಗರದಲ್ಲಿ ದಿನಕ್ಕೆ ಹತ್ತಾರು ಮೊಣಕಾಲು, ಹೆಗಲು ನೋಡ್ತೀನಿ. ಹತ್ತು ದಿನ ಮಲಗಿದ್ರೆ ಮೊದಲ ದಿನ ಜಡ ಅನ್ನಿಸಬಹುದು. ಆದ್ರೆ 60 ಎತ್ತುತ್ತಿದ್ದವರು 50ರಲ್ಲಿ ನಾಲ್ಕಕ್ಕೇ ನಿಲ್ಲೋದು, ಅದೂ ಒಂದಿಡೀ ತಿಂಗಳು, ಹತ್ತು ದಿನದ ಕಡುಬಿನ ಕೆಲಸ ಅಲ್ಲ. ಬೇರೇನೋ ಇದೆ. ಡಬ್ಬ ಕೊಳ್ಳಬೇಡಿ ಇನ್ನೂ.

ತೂಕ ದಿನಾ ಬರೀತೀನಿ ಅಂದ್ರಲ್ಲ, ಅದರ ಏರಿಳಿತಕ್ಕೂ ತಲೆ ಕೆಡಿಸ್ಕೋಬೇಡಿ. ಮದುವೆ ಊಟ ಮಾಡಿದ ಮಾರನೇ ದಿನ ಒಂದೂವರೆ ಕೆಜಿ ಏರಿದ್ರೆ ಅದು ಕೊಬ್ಬಲ್ಲ. ಅನ್ನ, ಒಬ್ಬಟ್ಟಿನ ಸಕ್ಕರೆ ಅಂಶ ಸ್ನಾಯುವಿನಲ್ಲಿ ಗ್ಲೈಕೋಜನ್ ಆಗಿ ಕೂರುತ್ತೆ, ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡ್ಕೊಳ್ಳುತ್ತೆ. ಉಪ್ಪು ಇನ್ನಷ್ಟು ನೀರು ಹಿಡಿಯುತ್ತೆ. ಏಳು ದಿನದ ಸರಾಸರಿ ತೆಗೆದು, ಈ ವಾರದ್ದನ್ನ ಹೋದ ವಾರದ್ದಕ್ಕೆ ಹೋಲಿಸಿ. ತಿಂಗಳಿಗೊಂದು ಸಲ ಟೇಪು ಹಿಡಿದು ಸೊಂಟದ ಸುತ್ತಳತೆ ಬರೀರಿ. ನಮ್ಮ ಕಡೆಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಅನ್ನೋದು ಲೆಕ್ಕ. ತಕ್ಕಡಿಗಿಂತ ಟೇಪು ಪ್ರಾಮಾಣಿಕ.

ಮತ್ತೆ ಬಿಪಿ ಯಾವಾಗ ನೋಡ್ತೀರಿ?

ಹನುಮಂತನಗರ_ಲೆಕ್ಕಿಗ
ಭಾನುವಾರ, ಬೆಳಗ್ಗೆ 9:30

ಜಿಮ್‌ನಿಂದ ಬಂದ ತಕ್ಷಣ ಸಾರ್. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮ ಮಿಷನ್ ಹಿಡ್ಕೊಂಡು ಬಾಗಿಲಲ್ಲೇ ನಿಂತಿರ್ತಾರೆ. ಒಂದ್ಸಲ ಮೇಲಿನದು 146 ಬಂದು ರಾಮರಕ್ಷಾ ಸ್ತೋತ್ರ ಶುರುವಾಯ್ತು.

ಮೊಣಕಾಲು_ಮಿತ್ರ
ಭಾನುವಾರ, ಬೆಳಗ್ಗೆ 9:41

ಅಯ್ಯೋ. ಮೂರು ಮಹಡಿ ಹತ್ತಿ ಬಂದವರಿಗೆ ಏರದೆ ಇನ್ನೇನಾಗುತ್ತೆ? ವ್ಯಾಯಾಮ, ಕಾಫಿ ಆಗಿ ಅರ್ಧ ಗಂಟೆ ಆದರೂ ಕಳೀಬೇಕು. ಆಮೇಲೆ ಐದು ನಿಮಿಷ ಬೆನ್ನಿಗೆ ಆನಿಕೆ ಕೊಟ್ಟು, ಕಾಲು ನೆಲಕ್ಕೆ ಊರಿ, ಮಾತಾಡದೆ ಕೂತು ನೋಡಬೇಕು. ಎಂಟು ತಿಂಗಳ ಬಿಪಿ ಅಂಕಿ ಇದ್ದರೂ ಡಾಕ್ಟರಿಗೆ ತೋರಿಸೋಕೆ ಬರಲ್ಲ ಈಗ. ನಾಳೆಯಿಂದ ಬೆಳಗ್ಗೆ ಎದ್ದು ಕಾಫಿಗೆ ಮುಂಚೆ ನೋಡಿ. ಅಮ್ಮನಿಗೂ ಹೇಳಿ, ನಾನು ಹೇಳಿದೆ ಅಂತ.

ಕಬ್ಬನ್‌ಪೇಟೆ_ಗರಡಿ
ಭಾನುವಾರ, ಬೆಳಗ್ಗೆ 10:20

ನಮ್ಮ ತಾತ ಪೇಟೆ ಗರಡಿಯಲ್ಲಿ ಸಾಮು ತೆಗೀತಿದ್ರು. ಕೆಂಪು ಮಣ್ಣು, ಗದೆ, ದಂಡ, ಬಸ್ಕಿ. ಓದು ಬರಹ ಇರಲಿಲ್ಲ. ಬಸ್ಕಿ ಎಣಿಸೋಕೆ ಹುಣಸೆ ಬೀಜ. ಐವತ್ತಕ್ಕೊಂದು ಬೀಜ ಎಡಗಡೆಯಿಂದ ಬಲಗಡೆಗೆ. ಮುಗಿದ ಮೇಲೆ ಬಲಗಡೆ ಗುಡ್ಡೆ ನೋಡಿ ವಸ್ತಾದ್ ನಾಳೆ ಇನ್ನೊಂದು ಬೀಜ ಸೇರಿಸು ಅಂತಲೋ, ಸಾಕು ಮೈ ತಣಿಸು ಅಂತಲೋ ಹೇಳೋರು. ಪುಸ್ತಕ ಇರಲಿಲ್ಲ, ಲೆಕ್ಕ ಇತ್ತು. ಅದನ್ನ ನೋಡಿ ನಾಳೆ ಏನು ಅಂತ ಹೇಳೋ ಮನುಷ್ಯನೂ ಇದ್ದ. ನಿಮ್ಮ ಜಿಮ್ ಹುಡುಗ ನಿಮ್ಮ ಪುಸ್ತಕ ಒಂದು ದಿನವಾದ್ರೂ ತೆರೆದು ನೋಡಿದಾನಾ?

ಬರೆಯೋ ವಿಷಯಕ್ಕೆ ಬಂದ್ರೆ ನಮ್ಮೂರಲ್ಲಿ ಅದೇನು ಹೊಸದಲ್ಲ. ಕೆ.ವಿ. ಅಯ್ಯರ್ ಅವರು ಬೆಂಗಳೂರಲ್ಲಿ ವ್ಯಾಯಾಮಶಾಲೆ ನಡೆಸ್ತಿದ್ದಾಗ ಅಂಚೆ ಮೂಲಕವೂ ಅಂಗಸಾಧನೆ ಕಲಿಸ್ತಿದ್ರು. ಎಲ್ಲೋ ದೂರದೂರಲ್ಲಿರೋ ಹುಡುಗನಿಗೆ ಕಾಗದದಲ್ಲೇ ಪಾಠ. ಮೈ ಅಳತೆ, ಮಾಡಿದ ಲೆಕ್ಕ ಬರೆದು ಕಳಿಸದಿದ್ರೆ ಅಂಥ ಪಾಠ ನಡೆಯೋದಾದ್ರೂ ಹೇಗೆ? ಮೈಯನ್ನೂ ಬೆಳೆಸಿ ಕಾದಂಬರಿಯನ್ನೂ ಬರೆದ ಮನುಷ್ಯ ಅವರು. ಪೆನ್ನು ಹಿಡಿಯೋದು ಪೈಲ್ವಾನರಿಗೆ ಕಡಿಮೆ ಅಂತ ಯಾರೂ ತಿಳ್ಕೋಬೇಡಿ.

ಹುಬ್ಬಳ್ಳಿ_ಓಟ
ಭಾನುವಾರ, ಬೆಳಗ್ಗೆ 11:02

ನೋಡ್ರಿ ಸರ, ನಾ ಭಾರ ಎತ್ತಾಂವ ಅಲ್ಲ, ಓಡಾಂವ. ವಾರಕ್ಕ ಎರಡ ದಿನ ಕಂಠೀರವ ಟ್ರ್ಯಾಕ್, ಉಳಿದ ದಿನ ಕಬ್ಬನ್ ಪಾರ್ಕ್. ನನ್ನ ವಹಿಯೊಳಗ ಓಟದ್ದಕ್ಕಿಂತ ಮೊದಲ ಬರೆಯೂದು ನಾಡಿ. ಮುಂಜಾನೆ ಎಚ್ಚರಾದ ಕೂಡಲೆ, ಹಾಸಿಗಿ ಬಿಟ್ಟ ಏಳೂಕಿಂತ ಮೊದಲ, ಒಂದ ನಿಮಿಷ ಎಣಸೂದು. ಮೊದಲಿಗೆ 74 ಇತ್ತು, ವರ್ಷ ಆಗೂದ್ರಾಗ 58ಕ್ಕ ಬಂತು. ಹೋದ ಮಳಿಗಾಲದಾಗ ಒಂದ ದಿನ 69 ತೋರಿಸ್ತು. ಮೈಯಾಗ ಏನೂ ಇಲ್ಲ, ಆರಾಮ ಅದೇನಿ ಅನಸ್ತಿತ್ತು. ಆದ್ರ ವಹಿ ನೋಡಿ ಓಡೂದ ಬಿಟ್ಟೆ. ಸಂಜೀಕ 102 ಜ್ವರ ಬಂತರಿ. ಆವತ್ತ ಹನ್ನೆರಡ ಕಿಲೋಮೀಟರ್ ಓಡಿದ್ರ ಏನ ಗತಿ?

ನಮ್ಮ ಕೋಚ್ ಒಂದ ಮಾತ ಹೇಳ್ತಾರ, ಟ್ರ್ಯಾಕಿನ ಮ್ಯಾಲೆ 400 ಮೀಟರ್ ಅಂದ್ರ ಒಳಗಿನ ಲೇನ್ ಅಷ್ಟ. ಹೊರಗಿನ ಲೇನ್‌ನಾಗ ಓಡಿ 400 ಅಂತ ಬರದ್ರ ಸುಳ್ಳ ಆಗತೈತಿ. ನಿಮ್ಮದರಾಗೂ ಹಂಗ ಏನರ ಐತೇನು ನೋಡ್ರಿ, ಅಳತಿನ ತಪ್ಪ ಇರಬೇಕ.

ಮತ್ತಿಕೆರೆ_ನಡಿಗೆ
ಭಾನುವಾರ, ಮಧ್ಯಾಹ್ನ 12:45

ನನಗೆ 71 ವರ್ಷ. ಟೈಪು ಮಾಡುವುದು ನಿಧಾನ, ತಪ್ಪಿದ್ದರೆ ಕ್ಷಮಿಸಿ. ಎಚ್.ಎಂ.ಟಿ.ಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮಿಲಿಮೀಟರಿನ ನೂರನೇ ಭಾಗದ ಮಾತು ಆಡಿಕೊಂಡು ಬದುಕಿದವರು ನಾವು. ಹಾಗಾಗಿ ಈ ಚರ್ಚೆ ಕಂಡು ಸುಮ್ಮನಿರಲಾಗಲಿಲ್ಲ.

ನನ್ನ ಹತ್ತಿರ ಪುಸ್ತಕವಿಲ್ಲ. ಅಡುಗೆ ಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರೇ ನನ್ನ ಪುಸ್ತಕ. ಹಾಲು ಬಾರದ ದಿನಕ್ಕೆ ಮನೆಯವರು ಸೊನ್ನೆ ಸುತ್ತುತ್ತಾರೆ, ಸಿಲಿಂಡರ್ ಬಂದ ದಿನಕ್ಕೆ ಗೆರೆ ಎಳೆಯುತ್ತಾರೆ. ಅದೇ ಚೌಕದ ಕೆಳಗಿನ ಮೂಲೆಯಲ್ಲಿ ನಾನು ಒಂದೇ ಒಂದು ಅಂಕಿ ಬರೆಯುತ್ತೇನೆ: ಜೆ.ಪಿ. ಪಾರ್ಕಿನಲ್ಲಿ ನಾನು ಹಿಡಿಯುವ ದಾರಿಯ ಒಂದು ಸುತ್ತಿಗೆ ಎಷ್ಟು ನಿಮಿಷ. ಅದೇ ಗೇಟಿನಿಂದ ಅದೇ ಗೇಟಿಗೆ. ಗಡಿಯಾರ ಕೀಲಿ ಕೊಡುವುದು, ನಮ್ಮ ಕಾರ್ಖಾನೆಯದೇ.

ಮೂರು ವರ್ಷದ ಹಿಂದೆ ಆ ಅಂಕಿ 19 ಇರುತ್ತಿತ್ತು. ಒಮ್ಮೊಮ್ಮೆ 18. ಶ್ರಾವಣದಲ್ಲಿ 20 ಆಯಿತು. ಮಳೆ, ದಾರಿ ಜಾರುತ್ತದೆ ಎಂದುಕೊಂಡೆ. ಮುಂದಿನ ತಿಂಗಳು 21, 22. ವಯಸ್ಸಾಯಿತು ಎಂದುಕೊಂಡೆ. ಎದೆನೋವು ಇರಲಿಲ್ಲ, ಏನೂ ಇರಲಿಲ್ಲ. ದಸರಾ ರಜೆಗೆ ಬಂದ ಮೊಮ್ಮಗಳು ತಿಥಿ ನೋಡಲು ಹಿಂದಿನ ಹಾಳೆ ಮಗುಚಿದವಳು, 'ತಾತಾ, ನಿನ್ನ ನಂಬರು ಯಾಕೆ ದೊಡ್ಡದಾಗ್ತಿದೆ?' ಎಂದಳು. ಆ ಹಾಳೆಗಳನ್ನು ನಾನು ಬರೆದಿದ್ದೆ ಅಷ್ಟೇ, ಒಂದರ ಪಕ್ಕ ಒಂದಿಟ್ಟು ನೋಡಿರಲಿಲ್ಲ.

ಮಗ ಕ್ಯಾಲೆಂಡರನ್ನೇ ಮೊಳೆಯಿಂದ ಬಿಚ್ಚಿ ಸುರುಳಿ ಸುತ್ತಿ ಆಸ್ಪತ್ರೆಗೆ ತಂದ. ಹೃದಯದ ವೈದ್ಯರು ಮೇಜಿನ ಮೇಲೆ ಹರಡಿ ಕನ್ನಡಕ ಹಾಕಿಕೊಂಡು ಓದಿದರು. 'ಯಾವಾಗಿನಿಂದ ಆಯಾಸ ಎಂದರೆ ಎಲ್ಲರೂ ನೆನಪಿಲ್ಲ ಎನ್ನುತ್ತಾರೆ, ನೀವು ತಾರೀಖು ಹಾಕಿ ತಂದಿದ್ದೀರಿ' ಎಂದರು. ಪರೀಕ್ಷೆಯಲ್ಲಿ ಎರಡು ಕಡೆ ರಕ್ತನಾಳ ಕಟ್ಟಿತ್ತು. ಸ್ಟೆಂಟ್ ಹಾಕಿದರು. ಈಗ 21 ನಿಮಿಷ. 19ರ ಆಸೆ ನನಗಿಲ್ಲ.

ಮಗ ಆಮೇಲೆ ಹೆಜ್ಜೆ ಎಣಿಸುವ ಕೈಗಡಿಯಾರ ಕೊಡಿಸಿದ. ದಿನಕ್ಕೆ ಹತ್ತು ಸಾವಿರ ಆಗಲೇಬೇಕೆಂದು ಅದು ಕೈ ನಡುಗಿಸುತ್ತದೆ. ಡ್ರಾಯರಿನಲ್ಲಿಟ್ಟಿದ್ದೇನೆ.

ಮೊಣಕಾಲು_ಮಿತ್ರ
ಭಾನುವಾರ, ಮಧ್ಯಾಹ್ನ 1:10

ಹಿರಿಯರೇ, ಡ್ರಾಯರಿನಲ್ಲೇ ಇರಲಿ. ಹತ್ತು ಸಾವಿರ ಅನ್ನೋದು ಯಾವ ವೈದ್ಯರೂ ಅಳೆದು ಕೊಟ್ಟ ಸಂಖ್ಯೆ ಅಲ್ಲ. 1965ರಲ್ಲಿ ಜಪಾನಿನಲ್ಲಿ ಒಂದು ಹೆಜ್ಜೆಮಾಪಕ ಮಾರಾಟಕ್ಕೆ ಬಂತು, ಅದರ ಹೆಸರೇ 'ಮನ್‌ಪೋ-ಕೇ', ಹತ್ತು ಸಾವಿರ ಹೆಜ್ಜೆಯ ಮಾಪಕ ಅಂತ. ಹೆಸರು ನಾಲಿಗೆಗೆ ಹಿಡೀತು, ಲೋಕವೆಲ್ಲ ಸುತ್ತಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುವಿಗೆ ಕೆಲಸ. ನಿಮ್ಮಂಥವರು ಎಷ್ಟು ಅನ್ನೋದನ್ನ ನಿಮ್ಮ ಡಾಕ್ಟರ ಮಾತಿನಂತೆ ಇಟ್ಟುಕೊಳ್ಳಿ.

ನಿಮ್ಮ ಕ್ಯಾಲೆಂಡರ್ ಕಥೆಯನ್ನ ನನ್ನ ರೋಗಿಗಳಿಗೆ ಹೇಳಬಹುದಾ?

ಮತ್ತಿಕೆರೆ_ನಡಿಗೆ
ಭಾನುವಾರ, ಮಧ್ಯಾಹ್ನ 1:32

ಧಾರಾಳವಾಗಿ. ಮೊಮ್ಮಗಳ ಪಾತ್ರ ಬಿಡಬೇಡಿ.

ಹಳೇ_ಸದಸ್ಯೆ
ಭಾನುವಾರ, ಮಧ್ಯಾಹ್ನ 3:18

ಎಲ್ಲರೂ ಬರೀರಿ ಬರೀರಿ ಅಂತಿದೀರಿ. ನಾನು ಬರೆಯೋದು ಬಿಟ್ಟ ಮೇಲೆ ಸರಿಹೋದವಳು. ಅದನ್ನೂ ಯಾರಾದ್ರೂ ಹೇಳಬೇಕಲ್ಲ.

ಕಾಲೇಜಿನಲ್ಲಿದ್ದಾಗ ಶುರು ಮಾಡಿದೆ. ಮೊದಲು ವ್ಯಾಯಾಮ ಮಾತ್ರ. ಆಮೇಲೆ ಊಟ. ಆಮೇಲೆ ಒಗ್ಗರಣೆ ಎಣ್ಣೆ ಎಷ್ಟು ಚಮಚ, ಚಟ್ನಿಯಲ್ಲಿ ಕಾಯಿ ಎಷ್ಟು ಗ್ರಾಂ. ಅಕ್ಕನ ಮದುವೆಯಲ್ಲಿ ಎಲೆ ಮುಂದೆ ಕೂತು ಚಿರೋಟಿಗೆ ಎಷ್ಟು ಬರೀಬೇಕು ಅಂತ ಗೊತ್ತಾಗದೆ ಎದ್ದು ಹೋಗಿದೀನಿ. ಮುಟ್ಟು ನಿಂತೇಹೋಗಿತ್ತು, ಅದನ್ನ ಮಾತ್ರ ಎಲ್ಲೂ ಬರೆದಿರಲಿಲ್ಲ. ಮನೋವೈದ್ಯರು ಮೊದಲು ಕೇಳಿದ್ದೇ ಆ ಪುಸ್ತಕ. ತಗೊಂಡು ಬೀರುವಿನಲ್ಲಿಟ್ಟರು. ವಾಪಸ್ ಕೇಳಿಲ್ಲ ನಾನು.

ಲೆಕ್ಕಿಗ ಅಣ್ಣ, ಪುಸ್ತಕ ನೋಡಿದಾಗಲೆಲ್ಲ ನಷ್ಟ ಅನ್ನಿಸ್ತಿದೆ ಅಂದ್ರಿ ನೋಡಿ, ಆ ಮಾತಿಗೆ ಇದನ್ನ ಬರೆದೆ.

ರಾಗಿರೊಟ್ಟಿ_ರಾಡು
ಭಾನುವಾರ, ಮಧ್ಯಾಹ್ನ 3:40

ಬರೆದದ್ದು ಒಳ್ಳೇದಾಯ್ತು ಕಣಮ್ಮಾ. ನನ್ನ ತಂಗಿಗೂ ಇದನ್ನ ತೋರಿಸ್ತೀನಿ, ಅವಳಿಗೆ ಬೇಕಾಗಿದೆ.

ಊಟ ನಾನೂ ಬರೆಯಲ್ಲ. ನನ್ನ ಪುಸ್ತಕದಲ್ಲಿ ಮುಟ್ಟಿನ ದಿನಕ್ಕೊಂದು ಚುಕ್ಕೆ ಇದೆ, ರಾತ್ರಿ ಎಷ್ಟು ಗಂಟೆ ಮಲಗಿದೆ ಅನ್ನೋದಿದೆ. ಮಗಳು ಹಲ್ಲು ಬರ್ತಿದ್ದ ತಿಂಗಳು 'ನಿದ್ದೆ 3, ನಿದ್ದೆ 4' ಅಂತ ಸಾಲು ಸಾಲು. ಆ ತಿಂಗಳು ಸ್ಕ್ವಾಟ್ ಒಂದು ಕೆಜಿ ಏರಿಲ್ಲ. ನಿದ್ದೆಯ ಅಂಕಿ ಇಲ್ಲದಿದ್ರೆ ನನ್ನನ್ನೇ ಬೈಕೊಳ್ತಿದ್ದೆ.

ಸಿಲ್ಕ್‌ಬೋರ್ಡ್_ಸನ್ಯಾಸಿ
ಭಾನುವಾರ, ಸಂಜೆ 5:55

ಆಪ್ ಅಂದಿದ್ದಕ್ಕೆ ಎಲ್ಲ ಸೇರಿ ಹೊಡೀತೀರೇನೋ ಅಂದ್ಕೊಂಡೆ, ಅಷ್ಟೇನಿಲ್ಲ. ನನ್ನ ಆಪ್‌ನಲ್ಲಿ ಎಲ್ಲ ಎಕ್ಸೆಲ್‌ಗೆ ಇಳಿಸ್ಕೋಬಹುದು, ಈಗ ತಾನೆ ಹುಡುಕಿ ಇಳಿಸ್ಕೊಂಡೆ. 412 ದಿನ. ಒಂದು ಟಿಪ್ಪಣಿಯೂ ಇಲ್ಲ ಅದರಲ್ಲಿ. ಬರೀ ನಂಬರು. ಮಾರ್ಚ್‌ನಲ್ಲಿ ಮೂರು ವಾರ ಖಾಲಿ ಇದೆ, ಯಾಕೆ ಹೋಗಿಲ್ಲ ಅಂತ ನನಗೇ ನೆನಪಾಗ್ತಿಲ್ಲ. ಔಟರ್ ರಿಂಗ್ ರೋಡ್ ಅಂತ ಹಾಕ್ಕೊಂಡ್ರೆ ತಪ್ಪಾಗಲ್ಲ ಬಿಡಿ.

ಹನುಮಂತನಗರ_ಲೆಕ್ಕಿಗ
ಭಾನುವಾರ, ರಾತ್ರಿ 9:15

ಇಷ್ಟು ಜನ ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಹಿರಿಯರ ಕ್ಯಾಲೆಂಡರ್ ವಿಷಯ ಅಮ್ಮನಿಗೆ ಓದಿ ಹೇಳಿದೆ. ಬಿಪಿ ಬೆಳಗ್ಗೆ ನೋಡೋದಕ್ಕೆ ಒಪ್ಪಿದಾರೆ.

ರಾಗಿರೊಟ್ಟಿ ಅವರು ಕೇಳಿದ ಪುಟಗಳು, ಬೆಂಚ್ ಪ್ರೆಸ್ ಮಟ್ಟಿಗೆ, ಇದ್ದ ಹಾಗೇ:

ಆಗಸ್ಟ್, ಊರಿಗೆ ಹೋಗೋ ಮುಂಚಿನ ಕೊನೇ ದಿನ: 60 × 5, 60 × 5, 60 × 4. 'ಕಡೇದು ಕಷ್ಟ.'

ನಂತರ ಹತ್ತು ಸಲ 'ರಜಾ'.

ವಾಪಸ್ ಬಂದ ದಿನ: 60 × 1, ಎರಡನೇದಕ್ಕೆ ಟ್ರೈನರ್ ಹಿಡಿದ. 50 × 4, 50 × 3. 'ಹೊಸ ಸೆಟ್ ಬಂದಿದೆ, ರಾಡ್ ದಪ್ಪ, ಕೈಗೆ ಚೆನ್ನಾಗಿ ಕೂರುತ್ತೆ.'

ಮಾರನೇ ಸಲ: 50 × 4, 50 × 4, 50 × 3. 'ಸೋಮಾರಿತನ.'

ಅಷ್ಟೇ. ಎಂಟು ತಿಂಗಳಲ್ಲಿ ಅಂಚಿನಲ್ಲಿ ಬರೆದಿರೋ ಮಾತು ಒಟ್ಟು ಹನ್ನೊಂದು. ಅದರಲ್ಲಿ ನಾಲ್ಕು ಸಲ 'ಸೋಮಾರಿತನ' ಅಂತಾನೇ ಇದೆ.

ರಾಗಿರೊಟ್ಟಿ_ರಾಡು
ಭಾನುವಾರ, ರಾತ್ರಿ 9:22

ಸಿಕ್ತು ಸಿಕ್ತು ಸಿಕ್ತು.

ಹಳೇ ರಾಡ್ ಎಷ್ಟು ತೂಕ ಅಂತ ಲೆಕ್ಕ ಹಾಕ್ತಿದ್ರಿ?

ಹನುಮಂತನಗರ_ಲೆಕ್ಕಿಗ
ಭಾನುವಾರ, ರಾತ್ರಿ 9:24

20. ಟ್ರೈನರ್ ಮೊದಲ ದಿನವೇ ಹೇಳಿದ್ದ, ರಾಡ್ ಅಂದ್ರೆ 20 ಅಂತ. ಎರಡೂ ಕಡೆ 20-20 ಪ್ಲೇಟು, ಒಟ್ಟು 60.

ರಾಗಿರೊಟ್ಟಿ_ರಾಡು
ಭಾನುವಾರ, ರಾತ್ರಿ 9:40

20 ಕೆಜಿ ಇರೋದು ಸ್ಪರ್ಧೆಗೆ ಬಳಸೋ ಗಂಡಸರ ರಾಡು. ಹೆಂಗಸರದ್ದು 15. ಅವುಗಳ ತುದಿ, ಪ್ಲೇಟ್ ತೂರಿಸ್ತೀವಲ್ಲ ಆ ಭಾಗ, 50 ಮಿಲಿಮೀಟರ್ ದಪ್ಪ ಇರುತ್ತೆ, ಹಿಡಿಗಿಂತ ಎದ್ದು ಕಾಣೋ ಹಾಗೆ ದಪ್ಪ. ಗಲ್ಲಿ ಜಿಮ್‌ಗಳಲ್ಲಿ ಹಳೇ ಕಾಲದಿಂದ ಇರೋದು ಈ ತುದಿಯಿಂದ ಆ ತುದಿವರೆಗೂ ಒಂದೇ ದಪ್ಪದ ಸಣ್ಣ ರಾಡು, ಪ್ಲೇಟಿನ ತೂತೂ ಚಿಕ್ಕದು. ಅದು 20 ಇರೋಕೆ ಸಾಧ್ಯವೇ ಇಲ್ಲ. ಎಂಟಿರುತ್ತೆ, ಹತ್ತಿರುತ್ತೆ, ಉದ್ದದ ಮೇಲೆ ಹೋಗುತ್ತೆ.

ಹಳೇ ರಾಡು ಇನ್ನೂ ಅಲ್ಲೇ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತೆ, ಯಾವ ಜಿಮ್‌ನವರೂ ಕಬ್ಬಿಣ ಬಿಸಾಡಲ್ಲ. ತೂಕದ ಮಿಷನ್ ಮೇಲೆ ನೀವೊಬ್ಬರೇ ನಿಂತು ನೋಡಿ, ಆಮೇಲೆ ರಾಡ್ ಹಿಡ್ಕೊಂಡು ನಿಂತು ನೋಡಿ. ಕಳೆಯೋದು ನಿಮಗೆ ಹೇಳಿಕೊಡಬೇಕಾಗಿಲ್ಲ.

ಹುಬ್ಬಳ್ಳಿ_ಓಟ
ಭಾನುವಾರ, ರಾತ್ರಿ 9:48

ನಾ ಹೇಳಿದ್ದಿಲ್ಲೇನ್ರಿ, ಲೇನ್ ತಪ್ಪೇತಿ ಅಂತ!

ಕಬ್ಬನ್‌ಪೇಟೆ_ಗರಡಿ
ಭಾನುವಾರ, ರಾತ್ರಿ 10:05

ಎಂಟು ತಿಂಗಳು ಟ್ರೈನರ್ ಪಕ್ಕದಲ್ಲಿದ್ದು ಇದನ್ನ ನೋಡಲಿಲ್ಲ. ಡಬ್ಬ ಮಾರೋಕೆ ಬಂದ. ನಮ್ಮ ವಸ್ತಾದ್ ಆಗಿದ್ರೆ ಆ ಹುಡುಗನಿಗೇ ಐನೂರು ಬಸ್ಕಿ.

ಮೊಣಕಾಲು_ಮಿತ್ರ
ಭಾನುವಾರ, ರಾತ್ರಿ 10:30

ಹುಡುಗನನ್ನ ಬಿಡಿ, ಅವನಿಗೂ ಯಾರೋ ಹೀಗೇ ಹೇಳಿರ್ತಾರೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನ್ಯದ ಆಸ್ಪತ್ರೆಯಲ್ಲಿ ಥಾಮಸ್ ಡಿಲಾರ್ಮ್ ಅನ್ನೋ ವೈದ್ಯ ಗಾಯಾಳು ಸೈನಿಕರಿಗೆ ಭಾರ ಎತ್ತಿಸ್ತಿದ್ದ. ಹತ್ತು ಸಲ ಎತ್ತೋಕಾಗೋ ಭಾರ ಎಷ್ಟು ಅಂತ ಅಳೆಯೋದು, ಬಲ ಬಂದ ಹಾಗೆ ಅದನ್ನ ಏರಿಸ್ತಾ ಹೋಗೋದು. 1945ರಲ್ಲಿ ಇದನ್ನ ಪ್ರಕಟಿಸಿದ. ನಮ್ಮ ವೃತ್ತಿಯವರು ಇವತ್ತಿಗೂ ಅದೇ ದಾರಿಯಲ್ಲಿದ್ದೀವಿ. ಆ ವಿಧಾನದ ಜೀವವೆಲ್ಲ ಇರೋದು ಭಾರ ಎಷ್ಟು ಅಂತ ಸರಿಯಾಗಿ ಗೊತ್ತಿರೋದರಲ್ಲಿ.

ಇನ್ನು ಮುಂದೆ ಒಂದು ಕಾಲಂ ಸೇರಿಸಿ. ಸೆಟ್ ಮುಗಿದಾಗ ಇನ್ನೂ ಎಷ್ಟು ರೆಪ್ಸ್ ಆಗ್ತಿತ್ತು ಅನ್ನೋ ಅಂದಾಜು. ಇಂಗ್ಲಿಷ್‌ನಲ್ಲಿ ಅದಕ್ಕೊಂದು ಹೆಸರಿದೆ, ನಿಮಗೆ 'ಬಾಕಿ' ಅಂದ್ರೆ ಸಾಕು. 55 × 5, ಬಾಕಿ 2 ಅಂದ್ರೆ ಮುಂದಿನ ಸಲ ಏರಿಸಿ. ಬಾಕಿ 0 ಅಂದ್ರೆ ಅಷ್ಟಕ್ಕೇ ನಿಲ್ಲಿಸಿ. 'ಸೋಮಾರಿತನ' ಅನ್ನೋ ಕಾಲಂ ಕಿತ್ತಾಕಿ, ಅದರಿಂದ ಯಾರಿಗೂ ಏನೂ ತಿಳಿಯಲ್ಲ.

ಹನುಮಂತನಗರ_ಲೆಕ್ಕಿಗ
ಮಂಗಳವಾರ, ರಾತ್ರಿ 8:50

ನಿನ್ನೆ ಆಫೀಸಲ್ಲಿ ತಡ ಆಯ್ತು, ಹೋಗೋಕಾಗ್ಲಿಲ್ಲ. ಇವತ್ತು ಹೋದೆ.

ಹಳೇ ರಾಡು ಶೂ ಸ್ಟ್ಯಾಂಡ್ ಹಿಂದೆ ಇತ್ತು, ಒದ್ದೆ ಟವೆಲ್ ಒಣಗಿಸೋಕೆ ಬಳಸ್ತಿದಾರೆ. ನಾನೊಬ್ಬನೇ: 74.6. ರಾಡ್ ಹಿಡ್ಕೊಂಡು: 83.4. ರಾಡಿನ ತೂಕ 8.8 ಕೆಜಿ. ಮೂರು ಸಲ ನೋಡಿದೆ. ಹೊಸದನ್ನೂ ಹಾಗೇ ತೂಗಿದೆ, 20 ಸರಿಯಾಗಿದೆ.

ಅಂದ್ರೆ ಆಗಸ್ಟ್‌ನಲ್ಲಿ ನಾನು ಎತ್ತಿದ್ದು 60 ಅಲ್ಲ, 48.8. ಈಗ ಎತ್ತುತ್ತಿರೋದು ನಿಜವಾದ 55. ಸೆಪ್ಟೆಂಬರ್‌ನಲ್ಲಿ 50 ಅಂತ ಬರೆದು ತಲೆ ತಗ್ಗಿಸಿಕೊಂಡು ಬಂದೆನಲ್ಲ, ಅದು ಊರಿಗೆ ಹೋಗೋ ತನಕ ನಾನು ಎತ್ತಿದ್ದ ಎಲ್ಲಕ್ಕಿಂತ ಜಾಸ್ತಿ ಭಾರ.

ಇಪ್ಪತ್ತೆಂಟು ಮಾರ್ಚ್ ಮೂವತ್ತೊಂದು ನೋಡಿರೋನು ನಾನು. ಬೇರೆಯವರ ಪುಸ್ತಕದಲ್ಲಿ ಮೊದಲು ನೋಡೋದೇ ಓಪನಿಂಗ್ ಬ್ಯಾಲೆನ್ಸು. ನನ್ನದರಲ್ಲಿ ಅದೇ ತಪ್ಪು, ಎಂಟು ತಿಂಗಳು ಅದನ್ನೇ ಮುಂದಕ್ಕೆ ತಂದಿದೀನಿ.

ಸಿಲ್ಕ್‌ಬೋರ್ಡ್_ಸನ್ಯಾಸಿ
ಮಂಗಳವಾರ, ರಾತ್ರಿ 8:58

36 ವಯಸ್ಸಿಗೆ 28 ಮಾರ್ಚ್ ಮೂವತ್ತೊಂದಾ? ಎಂಟನೇ ವರ್ಷಕ್ಕೇ ಆಡಿಟ್ ಶುರುನಾ ಗುರು? 😂

ಹನುಮಂತನಗರ_ಲೆಕ್ಕಿಗ
ಮಂಗಳವಾರ, ರಾತ್ರಿ 9:03

ಹದಿನಾಲ್ಕು! ಖುಷಿಯಲ್ಲಿ ಎರಡರಿಂದ ಗುಣಿಸಿಬಿಟ್ಟೆ. ಇನ್ನು ನನ್ನ ಯಾವ ಅಂಕಿ ನಂಬ್ತೀರೋ.

ರಾಗಿರೊಟ್ಟಿ_ರಾಡು
ಮಂಗಳವಾರ, ರಾತ್ರಿ 9:20

ನಂಬೋಕೆ ಒಂದು ಸೂತ್ರ ಇದೆ. ಎತ್ತಿದ ಭಾರವನ್ನ ರೆಪ್ಸ್ ಜೊತೆ ಗುಣಿಸಿ 30ರಿಂದ ಭಾಗಿಸಿ, ಬಂದದ್ದನ್ನ ಭಾರಕ್ಕೆ ಕೂಡಿಸಿ. ಒಂದೇ ಒಂದು ಸಲ ಎಷ್ಟು ಎತ್ತಬಹುದು ಅನ್ನೋ ಅಂದಾಜು ಸಿಗುತ್ತೆ. ಆಗಸ್ಟ್‌ನ 48.8 × 5ಕ್ಕೆ ಸುಮಾರು 57. ಈಗಿನ 55 × 5ಕ್ಕೆ ಸುಮಾರು 64. ಮೂರು ತಿಂಗಳಲ್ಲಿ ಏಳು ಕೆಜಿ, ಅದರಲ್ಲಿ ಹತ್ತು ದಿನ ಕಡುಬು. ಅಂದಾಜು ಅಷ್ಟೇ ಕಣ್ರೀ, ನಿಜವಾಗ್ಲೂ 64 ಹಾಕಿ ಒಬ್ಬರೇ ಮಲಗಬೇಡಿ.

ಪ್ಲೇಟುಗಳನ್ನೂ ಒಂದ್ಸಲ ತೂಗಿ. ಎರಕದ ಲೋಕಲ್ ಪ್ಲೇಟು 10 ಅಂತ ಬರೆದಿದ್ರೂ ಅಷ್ಟೋ ಇಷ್ಟೋ ಹೆಚ್ಚು ಕಡಿಮೆ ಇರುತ್ತೆ. ಪುಸ್ತಕದ ಒಳ ರಟ್ಟಿನ ಮೇಲೆ ಬರೆದಿಡಿ: ಯಾವ ರಾಡು, ಎಷ್ಟು ಕೆಜಿ. ಜಿಮ್ ಬದಲಾದ ದಿನ ಹೊಸ ಗೆರೆ ಎಳೆದು ಶುರು ಮಾಡಿ. ಹಳೇ ಅಂಕಿ ಹೊಡೆದುಹಾಕಬೇಡಿ, ಪಕ್ಕದಲ್ಲಿ ಸರಿಯಾದದ್ದು ಬರೀರಿ.

ಹನುಮಂತನಗರ_ಲೆಕ್ಕಿಗ
ಮಂಗಳವಾರ, ರಾತ್ರಿ 10:35

ಅದನ್ನೇ ಮಾಡ್ತಾ ಕೂತಿದ್ದೆ ಮೇಡಂ, ಕೆಂಪು ಇಂಕಿನಲ್ಲಿ, ಪ್ರತಿ ತಿದ್ದುಪಡಿಗೂ ಸಹಿ ಹಾಕಿ. ಅಭ್ಯಾಸ ಬಲ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಪ್ರತಿಯೊಂದರಿಂದ 11.2 ಕಳೀಬೇಕು. ಅಮ್ಮ ಬಂದು ಪಕ್ಕದಲ್ಲಿ ಕೂತರು. ಕೆಂಪು ನೋಡಿ ಗಾಬರಿ. ವಿವರಿಸಿದೆ. ಎಲ್ಲ ಕೇಳಿ, 'ಹಂಗಾದ್ರೆ ಆವತ್ತು 60 ಎತ್ತಿದೆ ಅಂತ ಪಾಯಸ ಮಾಡಿಸ್ಕೊಂಡ್ಯಲ್ಲ?' ಅಂದ್ರು.

'ಅದು 48.8ರ ಪಾಯಸ ಅಮ್ಮ' ಅಂದೆ.

'ರಾಡು ಹಿಡ್ಕೊಂಡು ಮಿಷನ್ ಮೇಲೆ ನಿಂತಾಗ ಬಿಪಿ ನೋಡಿದ್ಯಾ?' ಅಂದ್ರು.

ಹಳೇ_ಸದಸ್ಯೆ ಅವರೇ, ನಿಮ್ಮ ಮಾತು ಎರಡು ದಿನದಿಂದ ತಲೆಯಲ್ಲಿದೆ. ದಿನಾ ತೂಕ ನೋಡೋದು ನಿಲ್ಲಿಸ್ತಿದೀನಿ. ವಾರಕ್ಕೊಮ್ಮೆ ಶನಿವಾರ. ಸರಾಸರಿ ಉತ್ತಮ ಅಂತ ಫಿಸಿಯೋ ಸಾರ್ ಹೇಳಿದ್ರು, ಆದ್ರೂ ನನ್ನ ಸ್ವಭಾವಕ್ಕೆ ಕಡಿಮೆ ಅಂಕಿಯೇ ವಾಸಿ.

ಹಳೇ_ಸದಸ್ಯೆ
ಬುಧವಾರ, ಬೆಳಗ್ಗೆ 6:50

ಸರಿ ಅಣ್ಣ. ಪಾಯಸ ಬರೆದಿದ್ರಾ ಪುಸ್ತಕದಲ್ಲಿ?

ಹನುಮಂತನಗರ_ಲೆಕ್ಕಿಗ
ಬುಧವಾರ, ಬೆಳಗ್ಗೆ 7:15

ಇಲ್ಲ. ಈಗ ಬರೆದೆ.

ಮತ್ತಿಕೆರೆ_ನಡಿಗೆ
ಬುಧವಾರ, ಬೆಳಗ್ಗೆ 9:30

ಸರಿಯಾದ ಉಪಕರಣದಿಂದ ಅಳೆಯಿರಿ, ಉಪಕರಣವನ್ನು ಮೊದಲು ಅಳೆಯಿರಿ. ನಮ್ಮ ಫೋರ್‌ಮನ್ ದಿನಾ ಬೆಳಗ್ಗೆ ಇದನ್ನು ಕೂಗುತ್ತಿದ್ದರು, ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಇಂದಿನ ಸುತ್ತು 21.

ಹನುಮಂತನಗರದವರು ಬಸವನಗುಡಿಗೆ ಹತ್ತಿರದವರು. ಬರುವ ಸೋಮವಾರ ಕಡೇ ಕಾರ್ತಿಕ ಸೋಮವಾರ, ಕಡಲೆಕಾಯಿ ಪರಿಷೆ. ಜನ ಹೇಗಿದೆ ನೋಡಿ ತಿಳಿಸಿ. ನನ್ನನ್ನು ಆ ಗಲಾಟೆಗೆ ಒಬ್ಬನೇ ಬಿಡುವುದಿಲ್ಲ.

ಹನುಮಂತನಗರ_ಲೆಕ್ಕಿಗ
ಸೋಮವಾರ, ರಾತ್ರಿ 10:10

ಇವತ್ತಿನ ಪುಟ:

'ರಜಾ. ಪರಿಷೆ. ಬುಲ್ ಟೆಂಪಲ್ ರಸ್ತೆಯಲ್ಲಿ ಅಮ್ಮನ ಜೊತೆ ಎರಡು ಗಂಟೆ ನಡಿಗೆ, ನಿಂತಿದ್ದೇ ಜಾಸ್ತಿ. ನಿದ್ದೆ 7. ಬೆಳಗಿನ ಬಿಪಿ 122/80. ಬಸವಣ್ಣನ ಮೆಟ್ಟಿಲು ಹತ್ತುವಾಗ ಅಮ್ಮ ಎರಡು ಕಡೆ ನಿಂತರು, ಹೋದ ವರ್ಷ ನಿಂತಿರಲಿಲ್ಲ.'

ಹಿರಿಯರೇ, ಜನ ವಿಪರೀತ. ನಿಮಗೆ ಅಂತ ಎರಡು ಸೇರು ಹಸಿಕಾಯಿ ತಗೊಂಡಿದೀನಿ, ಹುರಿದದ್ದು ಬೇಡ ಅಂತ ಅಮ್ಮ ಹೇಳಿದ್ರು. ಮತ್ತಿಕೆರೆಗೆ ಶನಿವಾರ ಬರಬಹುದಾ? ಅಮ್ಮನೂ ಬರ್ತಾರೆ. ಅವರನ್ನ ನಿಮ್ಮ ದಾರಿಯಲ್ಲಿ ಒಂದು ಸುತ್ತು ನಡೆಸಿ, ಎಷ್ಟು ನಿಮಿಷ ಆಗುತ್ತೆ ನೋಡಬೇಕು.

ಮತ್ತಿಕೆರೆ_ನಡಿಗೆ
ಮಂಗಳವಾರ, ಬೆಳಗ್ಗೆ 5:58

ಬನ್ನಿ. ಆರೂವರೆಗೆ ಗೇಟಿನ ಬಳಿ. ಗಡಿಯಾರಕ್ಕೆ ಕೀಲಿ ಕೊಟ್ಟಿರುತ್ತೇನೆ.

ಹುಬ್ಬಳ್ಳಿ_ಓಟ
ಮಂಗಳವಾರ, ಬೆಳಗ್ಗೆ 6:20

ಸೇರು ಅಂದ್ರ ಎಷ್ಟ ಗ್ರಾಂ ಹಿಡದಾರ ಕೇಳಿಕೊಂಡ ತಗೊಂಡಿರೇನ್ರಿ ಸರ?